ಬಾಗಿನ ಕೊಟ್ಟವರೇ ಬಾಕಿ ಕೇಳಿದರೆ

2024ರ ಜೂನ್ 28ರಂದು ಬಜೆಟ್ ಮಂಡಿಸುತ್ತ ಆಗಿನ ಉಪಮುಖ್ಯಮಂತ್ರಿ ಹಾಗೂ ಹಣಕಾಸು ಸಚಿವ ಅಜಿತ್ ಪವಾರ್ ಅವರು ‘ಮುಖ್ಯಮಂತ್ರಿ ಮಾಝೀ ಲಾಡ್ಕಿ ಬಹೀಣ್’ ಯೋಜನೆಯನ್ನು ಘೋಷಿಸಿದರು. ಕನ್ನಡದಲ್ಲಿ ಹೇಳುವುದಾದರೆ ‘ನನ್ನ ಮುದ್ದಿನ ತಂಗಿ’. ವಾರ್ಷಿಕ ಆದಾಯ ಎರಡೂವರೆ ಲಕ್ಷ ರೂಪಾಯಿಗಿಂತ ಹೆಚ್ಚಿಲ್ಲದ ಕುಟುಂಬಗಳ ಮಹಿಳೆಯರಿಗೆ ತಿಂಗಳಿಗೆ 1,500 ರೂಪಾಯಿ. ಆಗಸ್ಟ್ ತಿಂಗಳಲ್ಲಿ, ರಕ್ಷಾಬಂಧನಕ್ಕೆ ಸರಿಯಾಗಿ, ಮೊದಲ ಕಂತುಗಳು ಖಾತೆಗಳಿಗೆ ಬಿದ್ದವು. ನವೆಂಬರ್ 20ರಂದು ವಿಧಾನಸಭೆಗೆ ಮತದಾನ ನಡೆಯಿತು. ಆಡಳಿತ ಕೂಟ ಭಾರೀ ಬಹುಮತದಿಂದ ಮರಳಿತು. ಗೆದ್ದರೆ ಮೊತ್ತವನ್ನು 2,100 ರೂಪಾಯಿಗೆ ಏರಿಸುವ ಭರವಸೆಯೂ ಪ್ರಚಾರದಲ್ಲಿತ್ತು.

ಚುನಾವಣೆ ಮುಗಿದ ಮೇಲೆ ತಂಗಿಯ ಪರೀಕ್ಷೆ ಆರಂಭವಾಯಿತು. ಅನರ್ಹರು ತಾವಾಗಿಯೇ ಹೆಸರು ಹಿಂದಕ್ಕೆ ಪಡೆಯಲಿ, ಇಲ್ಲವಾದರೆ ದಂಡ ಸಹಿತ ವಸೂಲಿ ಮಾಡಬೇಕಾದೀತು ಎಂಬ ಮಾತುಗಳು 2025ರ ಜನವರಿಯಲ್ಲಿ ಕೇಳಿಬಂದವು. ಹೆದರಿದ ಸಾವಿರಾರು ಮಹಿಳೆಯರು ಯೋಜನೆಯೇ ಬೇಡವೆಂದು ಬರೆದುಕೊಟ್ಟರು. ಫೆಬ್ರುವರಿಯಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ಅದಿತಿ ತಟಕರೆ ಐದು ಲಕ್ಷ ಮಹಿಳೆಯರು ಅನರ್ಹರೆಂದು ಪ್ರಕಟಿಸಿದರು. ಕೊಟ್ಟ ಹಣವನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂದೂ ಹೇಳಿದರು. ಜುಲೈ ಹೊತ್ತಿಗೆ ಹಣ ತಡೆಹಿಡಿಯಲಾದವರ ಸಂಖ್ಯೆ 26.34 ಲಕ್ಷಕ್ಕೆ ಏರಿತ್ತು. 14,298 ಪುರುಷರು ಈ ‘ತಂಗಿ’ಯರ ಪಟ್ಟಿಯಲ್ಲಿ ಸೇರಿಕೊಂಡು 21 ಕೋಟಿ ರೂಪಾಯಿಗೂ ಹೆಚ್ಚು ಪಡೆದಿದ್ದರೆಂಬ ಸಂಗತಿ ಬಯಲಾದಾಗ, ಅವರಿಂದ ಹಣ ಕಕ್ಕಿಸುವುದಾಗಿ ಸರ್ಕಾರ ಘೋಷಿಸಿತು. ಸರ್ಕಾರಿ ನೌಕರಿಯಲ್ಲಿದ್ದೂ ಹಣ ಪಡೆದ ಮಹಿಳೆಯರ ಮೇಲೂ ಕ್ರಮದ ಮಾತು ಬಂತು.

ಗಂಡಸು ಹೆಂಗಸಿನ ಹೆಸರಿನಲ್ಲಿ ಅರ್ಜಿ ಹಾಕಿದರೆ ಅದು ವಂಚನೆ. ಖಾಯಂ ನೌಕರಿಯ ಸಂಬಳ ಎಣಿಸುತ್ತಲೇ ಬಡವರ ಪಾಲಿಗೆ ಕೈಚಾಚಿದವರನ್ನು ಸಮರ್ಥಿಸುವ ಅಗತ್ಯವೂ ಯಾರಿಗೂ ಇಲ್ಲ. ಆದರೆ ವಂಚಕನನ್ನು ಹಿಡಿಯಲು ಬೀಸಿದ ಬಲೆಯಲ್ಲಿ ಯಾರು ಯಾರು ಸಿಕ್ಕಿಕೊಳ್ಳುತ್ತಾರೆ ಎಂಬುದನ್ನು ನೋಡದೆ ‘ವಸೂಲಿ’ ಎಂಬ ಶಬ್ದಕ್ಕೆ ಚಪ್ಪಾಳೆ ತಟ್ಟುವುದು ಅವಿವೇಕ. ‘ಹಿಂದಕ್ಕೆ ಪಡೆಯುವುದಿಲ್ಲ’ ಎಂಬುದು ಸಚಿವೆಯೊಬ್ಬರ ಮಾತು. ಮಾತು ಆದೇಶವಲ್ಲ. ನಾಳೆ ಇನ್ನೊಬ್ಬ ಸಚಿವರು, ಇನ್ನೊಂದು ಹಣಕಾಸಿನ ಬಿಕ್ಕಟ್ಟು, ಇನ್ನೊಂದು ಲೆಕ್ಕಪರಿಶೋಧನೆಯ ಆಕ್ಷೇಪ ಬಂದಾಗ ಅದೇ ಕಡತ ಮತ್ತೆ ತೆರೆದುಕೊಳ್ಳಬಹುದು. ಆಗ ಯಾವ ನೆಲೆಯ ಮೇಲೆ ನಿಂತು ಉತ್ತರಿಸಬೇಕೆಂಬುದನ್ನು ಈಗಲೇ ಯೋಚಿಸುವುದು ಲೇಸು.

ಫೆಬ್ರುವರಿಯ ಆ ಐದು ಲಕ್ಷವನ್ನೇ ಬಿಡಿಸಿ ನೋಡಬಹುದು. ಸಚಿವೆ ಕೊಟ್ಟ ಲೆಕ್ಕದ ಪ್ರಕಾರ ಅವರಲ್ಲಿ 2.30 ಲಕ್ಷ ಮಂದಿ ಸಂಜಯ್ ಗಾಂಧಿ ನಿರಾಧಾರ ಯೋಜನೆಯ ಫಲಾನುಭವಿಗಳು. 1.10 ಲಕ್ಷ ಮಂದಿ 65 ವರ್ಷ ದಾಟಿದವರು. ಉಳಿದ 1.60 ಲಕ್ಷದಲ್ಲಿ ಮನೆಯವರ ಹೆಸರಿನಲ್ಲಿ ನಾಲ್ಕು ಚಕ್ರದ ವಾಹನವಿದ್ದವರು, ಬೇರೆ ಯೋಜನೆಯ ಫಲಾನುಭವಿಗಳು, ಸ್ವಇಚ್ಛೆಯಿಂದ ಹೊರಬಂದವರು ಸೇರಿದ್ದಾರೆ. ನಿರಾಧಾರ ಯೋಜನೆಯ ಹಣ ಕೊಡುವುದು ಯಾರು? ಇದೇ ರಾಜ್ಯ ಸರ್ಕಾರ. ವಿಧವೆಗೆ, ಅಂಗವಿಕಲೆಗೆ, ಗಂಡ ಬಿಟ್ಟವಳಿಗೆ ಪ್ರತಿ ತಿಂಗಳು ಹಣ ಕಳುಹಿಸುತ್ತಿರುವ ಖಜಾನೆಗೆ, ಅದೇ ಹೆಂಗಸು ತನ್ನಿಂದ ಹಣ ಪಡೆಯುತ್ತಿದ್ದಾಳೆ ಎಂಬುದು ತಿಳಿದಿರಲಿಲ್ಲವೆಂದರೆ ನಂಬುವುದು ಹೇಗೆ? 65 ದಾಟಿದವರ ವಯಸ್ಸು ಅವರ ಆಧಾರ್ ಕಾರ್ಡಿನಲ್ಲಿದೆ. ಆಧಾರ್ ಇಲ್ಲದೆ ಅರ್ಜಿಯೇ ಮುಂದೆ ಹೋಗುತ್ತಿರಲಿಲ್ಲ. ಕಾರಿನ ನೋಂದಣಿ ಇರುವುದು ಸರ್ಕಾರದ್ದೇ ಆರ್‌ಟಿಒ ಕಚೇರಿಯಲ್ಲಿ. ಹೀಗೆ, ಅನರ್ಹತೆಯ ಪುರಾವೆಯೆಂದು ಇಂದು ಎತ್ತಿ ತೋರಿಸುತ್ತಿರುವ ಹೆಚ್ಚಿನ ಮಾಹಿತಿ ಹಣ ಕೊಡುವ ದಿನವೇ ಸರ್ಕಾರದ ಕೈಯಲ್ಲಿತ್ತು. ನೋಡಲು ವ್ಯವಧಾನವಿರಲಿಲ್ಲ, ಅಥವಾ ನೋಡುವ ಮನಸ್ಸಿರಲಿಲ್ಲ. ಮತದಾನದ ದಿನ ಸಮೀಪಿಸುತ್ತಿತ್ತು.

ಅರ್ಜಿ ತುಂಬಿಸಿದ ಬಗೆಯನ್ನೂ ಮರೆಯುವಂತಿಲ್ಲ. ಅಂಗನವಾಡಿ ಕಾರ್ಯಕರ್ತೆಯರಿಗೆ ಅರ್ಜಿಯೊಂದಕ್ಕೆ 50 ರೂಪಾಯಿ ಪ್ರೋತ್ಸಾಹಧನ ನಿಗದಿಯಾಗಿತ್ತು. ಓಣಿ ಓಣಿಗಳಲ್ಲಿ ರಾಜಕೀಯ ಪಕ್ಷಗಳ ಕಾರ್ಯಕರ್ತರು ಮೇಜು ಹಾಕಿ ಕುಳಿತು ಫಾರ್ಮು ತುಂಬಿದರು. ಹಳದಿ, ಕೇಸರಿ ಪಡಿತರ ಚೀಟಿ ಇದ್ದವರಿಗೆ ಆದಾಯ ಪ್ರಮಾಣಪತ್ರವೇ ಬೇಡವೆಂದು ಸರ್ಕಾರವೇ ಸಡಿಲಿಸಿತು. ವಯೋಮಿತಿ ಮೊದಲು 60 ಇದ್ದದ್ದು ದಿನಗಳ ಅಂತರದಲ್ಲಿ 65 ಆಯಿತು. ಐದು ಎಕರೆ ಜಮೀನಿನ ಷರತ್ತು ಬಿದ್ದುಹೋಯಿತು. ನಿಯಮಗಳು ವಾರಕ್ಕೊಮ್ಮೆ ಬದಲಾಗುತ್ತಿದ್ದಾಗ ಬೇರೆಯವರು ತುಂಬಿದ ಫಾರ್ಮಿಗೆ ಹೆಬ್ಬೆಟ್ಟು ಒತ್ತಿದ ಹೆಂಗಸನ್ನು ಸುಳ್ಳುಗಾತಿ ಎನ್ನಲು ಸರ್ಕಾರಕ್ಕೆ ಎಷ್ಟರ ಮಟ್ಟಿನ ನೈತಿಕ ಅಧಿಕಾರವಿದೆ? ‘ಕುಟುಂಬ’ವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಎಂಬ ವಿವರಣೆಯೂ ಘೋಷಣೆಯ ನಂತರ ಬಂದದ್ದು. ಹಾಗಾದರೆ ಒಂದೇ ಮನೆಯಲ್ಲಿರುವ ಮೈದುನನ ಹೆಸರಿನ ಕಾರು ಯಾರ ಕಾರು? ಕೂಡು ಕುಟುಂಬದ ಹೆಂಗಸಿನ ಪಾಲಿಗೆ ಇದು ಒಣ ತರ್ಕದ ಪ್ರಶ್ನೆಯಲ್ಲ.

ಈ ಮಾತು ಪತ್ರಿಕೆಯ ಓದುಗರ ಮನೆ ಬಾಗಿಲಿಗೂ ಬರುತ್ತದೆ. ಜೈನರೆಂದರೆ ಝವೇರಿ ಬಜಾರಿನ ವ್ಯಾಪಾರಿಗಳೆಂದೇ ಮುಂಬಯಿಯಲ್ಲಿ ಅನೇಕರ ತಿಳುವಳಿಕೆ. ಸಾಂಗ್ಲಿ, ಕೊಲ್ಹಾಪುರ ಸೀಮೆಯಲ್ಲಿ ಎರಡು ಮೂರು ಎಕರೆ ಗೇಯ್ದು ಬದುಕುವ ಜೈನ ರೈತ ಕುಟುಂಬಗಳು, ಪರರ ಮನೆಯ ಅಡುಗೆ ಮಾಡಿ ಮಕ್ಕಳನ್ನು ಓದಿಸುವ ಶ್ರಾವಿಕೆಯರು ಈ ತಿಳುವಳಿಕೆಯಲ್ಲಿ ಕಾಣುವುದಿಲ್ಲ. ಅಂಥವರ ಹೆಸರು ಅನರ್ಹರ ಪಟ್ಟಿಗೆ ಬಂದಾಗ ಸಮಾಜದೊಳಗೇ ‘ನಮ್ಮವರು ಸರ್ಕಾರದ ಹಣ ತಿಂದರಂತೆ’ ಎಂಬ ಪಿಸುಮಾತು ಹುಟ್ಟುತ್ತದೆ. ಆ ಪಿಸುಮಾತಿಗೆ ಅಂಜಿ, ತಪ್ಪಿಲ್ಲದಿದ್ದರೂ ಸಾಲ ತೆಗೆದು ಹಣ ಕಟ್ಟಿಬಿಡುವವರೇ ಹೆಚ್ಚು. ಮರ್ಯಾದೆಗೆ ಹೆದರುವವರಿಂದ ವಸೂಲಿ ಸುಲಭ; ಹೆದರದ ವಂಚಕನಿಂದ ಕಷ್ಟ. ಇಂಥ ಅಭಿಯಾನಗಳ ದೊಡ್ಡ ಅನ್ಯಾಯ ಇರುವುದು ಇಲ್ಲಿಯೇ.

ಕಾನೂನು ಏನು ಹೇಳುತ್ತದೆ? ತಪ್ಪಿನಿಂದ ಸಂದಾಯವಾದ ಹಣವನ್ನು ಪಡೆದವನು ಹಿಂದಿರುಗಿಸಬೇಕು ಎಂಬುದು 1872ರ ಕರಾರು ಕಾಯಿದೆಯ 72ನೆಯ ಕಲಮಿನ ತತ್ತ್ವ. ಸಾರ್ವಜನಿಕ ಹಣ ತೆರಿಗೆದಾರರದ್ದು, ಹೆಚ್ಚುವರಿ ಕೊಟ್ಟದ್ದನ್ನು ವಸೂಲು ಮಾಡಬಹುದು ಎಂದು ಸುಪ್ರೀಂ ಕೋರ್ಟು 2012ರಲ್ಲಿ ಚಂಡಿ ಪ್ರಸಾದ್ ಉನಿಯಾಲ್ ಪ್ರಕರಣದಲ್ಲಿ ಹೇಳಿತ್ತು. ಸರ್ಕಾರದ ವಕೀಲರು ಮೊದಲು ಎತ್ತಿಕೊಳ್ಳುವ ಅಸ್ತ್ರ ಇದು. ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. 2014ರ ಡಿಸೆಂಬರ್ 18ರಂದು ಪಂಜಾಬ್ ಸರ್ಕಾರ ವಿರುದ್ಧ ರಫೀಕ್ ಮಸೀಹ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ನೌಕರರಿಗೆ ಕಣ್ತಪ್ಪಿನಿಂದ ಹೆಚ್ಚು ಪಾವತಿಯಾದ ಸಂಬಳವನ್ನು ಯಾವ ಸಂದರ್ಭಗಳಲ್ಲಿ ಮರಳಿ ಕೇಳಬಾರದು ಎಂಬುದನ್ನು ಗುರುತಿಸಿತು. ಮೂರನೆಯ, ನಾಲ್ಕನೆಯ ದರ್ಜೆಯ ಕೆಳನೌಕರರಿಂದ ಕೇಳಬಾರದು. ನಿವೃತ್ತರಿಂದ, ವರ್ಷದೊಳಗೆ ನಿವೃತ್ತರಾಗುವವರಿಂದ ಕೇಳಬಾರದು. ಐದು ವರ್ಷಕ್ಕೂ ಹೆಚ್ಚು ಕಾಲ ತಪ್ಪಾಗಿ ಕೊಡುತ್ತ ಬಂದಿದ್ದರೆ ಕೇಳಬಾರದು. ಮೇಲಿನ ಹುದ್ದೆಯ ಕೆಲಸ ಮಾಡಿಸಿಕೊಂಡು ಅದರ ಸಂಬಳ ಕೊಟ್ಟಿದ್ದರೆ ಕೇಳಬಾರದು. ಇವಲ್ಲದೆ, ವಸೂಲಿ ಮಾಡುವ ಹಕ್ಕಿಗಿಂತ ವಸೂಲಿಯ ಕಠೋರತೆಯೇ ಹೆಚ್ಚೆಂದು ಕಂಡುಬಂದ ಯಾವುದೇ ಪ್ರಕರಣದಲ್ಲೂ ಕೇಳಬಾರದು. 2022ರಲ್ಲಿ ಕೇರಳದ ನಿವೃತ್ತ ಶಿಕ್ಷಕರೊಬ್ಬರ ಪರವಾಗಿ, 2025ರ ಏಪ್ರಿಲಿನಲ್ಲಿ ಒಡಿಶಾದ ನ್ಯಾಯಾಂಗ ಇಲಾಖೆಯ ಶೀಘ್ರಲಿಪಿಕಾರರ ಪರವಾಗಿ ಸುಪ್ರೀಂ ಕೋರ್ಟು ಇದೇ ದಾರಿಯಲ್ಲಿ ನಡೆಯಿತು. ಪಡೆದವರ ಕಡೆಯಿಂದ ಮೋಸವಿಲ್ಲ, ಸುಳ್ಳು ಹೇಳಿಕೆ ಇಲ್ಲ, ತಪ್ಪು ಕೊಟ್ಟವರದ್ದು ಎಂದಾದರೆ ವಸೂಲಿಗೆ ನ್ಯಾಯ ಒಪ್ಪುವುದಿಲ್ಲ ಎಂಬುದು ಇವುಗಳ ತಿರುಳು.

ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡುವುದು ಸಲ್ಲ. ಈ ತೀರ್ಪುಗಳೆಲ್ಲ ಸಂಬಳ, ಪಿಂಚಣಿಗಳಿಗೆ ಸಂಬಂಧಿಸಿದವು; ಕಲ್ಯಾಣ ಯೋಜನೆಯ ಫಲಾನುಭವಿಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ ಎಂದು ಸರ್ಕಾರ ವಾದಿಸಬಹುದು. ನಾಲ್ಕನೆಯ ದರ್ಜೆಯ ಜವಾನನ ಬಡತನವನ್ನು ಗುರುತಿಸಿದ ನ್ಯಾಯ, ಅವನಿಗಿಂತ ಬಡವಳಾದ ಮನೆಗೆಲಸದ ಹೆಂಗಸನ್ನು ಕಂಡಾಗ ಕಣ್ಣು ಮುಚ್ಚಿಕೊಳ್ಳಬೇಕೆಂದು ಹೇಳುವ ವಾದ ಅದು. ತತ್ತ್ವ ಒಂದೇ ಆಗಿರುವಾಗ ಇಂಥ ಭೇದ ನಿಲ್ಲಲಾರದು. ಇನ್ನೊಂದು ತೊಡಕು ಇದಕ್ಕಿಂತ ಗಟ್ಟಿ. 2016ರ ಜಗದೇವ್ ಸಿಂಗ್ ಪ್ರಕರಣದಲ್ಲಿ, ಹೆಚ್ಚುವರಿ ಬಂದರೆ ಹಿಂದಿರುಗಿಸುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟವನು ಆ ಮಾತಿಗೆ ಬದ್ಧ ಎಂದು ಸುಪ್ರೀಂ ಕೋರ್ಟು ಹೇಳಿತು. ಆ ನ್ಯಾಯಾಂಗ ಅಧಿಕಾರಿಯಿಂದ ಎರಡು ವರ್ಷಗಳ ಸುಲಭ ಕಂತುಗಳಲ್ಲಿ ವಸೂಲು ಮಾಡಲು ಅನುಮತಿ ಕೊಟ್ಟಿತು. ಲಾಡ್ಕಿ ಬಹೀಣ್ ಅರ್ಜಿಯೊಡನೆಯೂ ‘ಹಮೀಪತ್ರ’ ಇದೆ. ಆದುದರಿಂದ ಬೇಡಿಕೆಯ ಪತ್ರ ಕೈಗೆ ಬಂದವರು ಮೊದಲು ಮಾಡಬೇಕಾದ ಕೆಲಸ, ತಾವು ಸಹಿ ಹಾಕಿದ್ದು ಯಾವುದಕ್ಕೆ ಎಂದು ಓದಿಸಿಕೊಳ್ಳುವುದು. ‘ನನ್ನ ಕುಟುಂಬದ ಆದಾಯ ಇಷ್ಟು’ ಎಂದು ಘೋಷಿಸುವುದು ಬೇರೆ, ‘ಹಣ ಮರಳಿಸುತ್ತೇನೆ’ ಎಂದು ವಚನ ಕೊಡುವುದು ಬೇರೆ. ಮೊದಲನೆಯದು ಸುಳ್ಳೆಂದು ಸಾಬೀತುಮಾಡುವ ಹೊಣೆ ಸರ್ಕಾರದ್ದು.

ಬೇಡಿಕೆಯ ಪತ್ರದಲ್ಲಿ ಯಾವ ನಿಯಮದ ಉಲ್ಲಂಘನೆ, ಯಾವ ತಿಂಗಳಿಂದ, ಎಷ್ಟು ಹಣ, ಯಾವ ದಾಖಲೆಯ ಆಧಾರ ಎಂಬ ವಿವರ ಇಲ್ಲದಿದ್ದರೆ ಅದನ್ನು ಲಿಖಿತವಾಗಿ ಕೇಳುವುದು ಫಲಾನುಭವಿಯ ಹಕ್ಕು. ಮಾಹಿತಿ ಹಕ್ಕು ಕಾಯಿದೆ 2005ರ ಅಡಿ ತನ್ನದೇ ಅರ್ಜಿಯ ಪ್ರತಿಯನ್ನು, ಪರಿಶೀಲನೆಯ ಟಿಪ್ಪಣಿಯನ್ನು ಕೇಳಬಹುದು. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಬಾಯಿಮಾತಿನ ಬೆದರಿಕೆಗೆ ಹಣ ಕಟ್ಟಬಾರದು. ‘ತಪ್ಪು ಒಪ್ಪಿಕೊಂಡಿದ್ದೇನೆ’ ಎಂಬ ಸಿದ್ಧ ಫಾರ್ಮಿಗೆ ಸಹಿ ಹಾಕಬಾರದು. ವಿಚಾರಣೆಯ ಅವಕಾಶವನ್ನು ಬೇಡಿ, ಕೊಟ್ಟ ಪತ್ರದ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಬಡವರ ಮೊಕದ್ದಮೆಗಳು ನ್ಯಾಯಾಲಯಕ್ಕಿಂತ ಮೊದಲು ಈ ಮುದ್ರೆಯಿಲ್ಲದೆ ಸೋಲುತ್ತವೆ.

ಮುಂಬಯಿ ನಗರದವರಿಗೆ ಇದಕ್ಕೆಲ್ಲ ಬಾಗಿಲುಗಳು ಇರುವುದು ಫೋರ್ಟಿನಲ್ಲಿ. ಜಿಲ್ಲಾಧಿಕಾರಿಯ ಕಚೇರಿ ಶಹೀದ್ ಭಗತ್ ಸಿಂಗ್ ಮಾರ್ಗದ ಹಳೆಯ ಕಸ್ಟಮ್ ಹೌಸ್ ಕಟ್ಟಡದಲ್ಲಿದೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಹುತಾತ್ಮ ಚೌಕ. ಅದರ ಆಚೆ, ಓವಲ್ ಮೈದಾನದ ಎದುರು, 1878ರಲ್ಲಿ ಪೂರ್ಣಗೊಂಡ ಹೈಕೋರ್ಟಿನ ಕಪ್ಪು ಕಲ್ಲಿನ ಕಟ್ಟಡ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವೂ ಹೈಕೋರ್ಟಿನ ಆವರಣದ ಲೋಕೋಪಯೋಗಿ ಇಲಾಖೆಯ ಕಟ್ಟಡದಲ್ಲಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನ ಪ್ರಕಾರ ಮಹಿಳೆಯರು, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವಿಗೆ ಅರ್ಹರು. ಫೋರ್ಟಿನ ಕಚೇರಿಗಳಲ್ಲಿ ಬೆಳಗಿನ ಜಾವ ನೆಲ ಒರೆಸುವ, ಹೊಟೇಲುಗಳ ಹಿಂಬದಿಯಲ್ಲಿ ಪಾತ್ರೆ ತೊಳೆಯುವ ಕನ್ನಡದ ಹೆಂಗಸರು ಈ ಬಾಗಿಲುಗಳ ಮುಂದೆಯೇ ದಿನವೂ ಹಾದುಹೋಗುತ್ತಾರೆ. ಒಳಗೆ ತಮಗೊಂದು ಹಕ್ಕು ಇದೆಯೆಂದು ಅವರಿಗೆ ತಿಳಿಸಿದವರಿಲ್ಲ. ಒಂದು ಕಾಲಕ್ಕೆ ಹೊಟೇಲ್ ಮಾಣಿಗಳಿಗೆ ರಾತ್ರಿಶಾಲೆ ತೆರೆದು ಅಕ್ಷರ ಕಲಿಸಿದ ಮುಂಬಯಿ ಕನ್ನಡ ಸಂಘಸಂಸ್ಥೆಗಳು ವಾರಕ್ಕೊಂದು ಸಂಜೆ ಮರಾಠಿ ನೋಟಿಸನ್ನು ಓದಿ ಹೇಳುವ ವ್ಯವಸ್ಥೆ ಮಾಡಿದರೆ, ಸನ್ಮಾನ ಸಮಾರಂಭದ ಒಂದು ಶಾಲಿನ ಖರ್ಚೂ ಆಗಲಾರದು.

ಹೈಕೋರ್ಟಿನ ಇದೇ ಕಟ್ಟಡದಲ್ಲಿ 2024ರ ಆಗಸ್ಟಿನಲ್ಲಿ, ಯೋಜನೆಯೇ ಖಜಾನೆಗೆ ಹೊರೆಯೆಂದು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ವಜಾಗೊಂಡಿತು. ಬಜೆಟಿನಲ್ಲಿ ಯಾವುದಕ್ಕೆ ಹಣ ಇಡಬೇಕೆಂಬುದು ಸರ್ಕಾರದ ನೀತಿಯ ವಿಷಯ ಎಂಬ ನೆಲೆಯಲ್ಲಿ ನ್ಯಾಯಾಲಯ ಕೈಹಾಕಲು ನಿರಾಕರಿಸಿತು. ಅಂದು ಸರ್ಕಾರ ಈ ಯೋಜನೆಯನ್ನು ಮಹಿಳೆಯರ ಸಬಲೀಕರಣದ ಹೆಸರಿನಲ್ಲಿ ಸಮರ್ಥಿಸಿಕೊಂಡಿತ್ತು ಎಂಬುದನ್ನು ವಸೂಲಿಯ ವಿರುದ್ಧ ರಿಟ್ ಅರ್ಜಿ ಬರೆಯುವ ವಕೀಲರು ನೆನಪಿನಲ್ಲಿಟ್ಟುಕೊಳ್ಳಬೇಕು. ಇದೇ ನಗರದ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣ 1985ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಜೀವನೋಪಾಯ ಬದುಕುವ ಹಕ್ಕಿನ ಭಾಗವೆಂದೂ, ಅದನ್ನು ಕಸಿಯುವ ಮೊದಲು ಆ ಮನುಷ್ಯನ ಮಾತು ಕೇಳುವುದು ನ್ಯಾಯದ ಅಂಗವೆಂದೂ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಬರೆದರು. ತೀರ್ಪು ಕೊನೆಗೆ ಗುಡಿಸಲುಗಳ ತೆರವನ್ನು ತಡೆಯಲಿಲ್ಲ, ಮಳೆಗಾಲ ಕಳೆಯುವವರೆಗೆ ಮುಂದೂಡಿತಷ್ಟೆ. ಆದರೂ ಓಲ್ಗಾ ಟೆಲ್ಲಿಸ್ ತೀರ್ಪಿನ ಆ ಮಾತು ಉಳಿದಿದೆ. ಕಂಪ್ಯೂಟರು ಎರಡು ಪಟ್ಟಿಗಳನ್ನು ತಾಳೆ ನೋಡಿ ಹೆಸರು ಕೆಂಪಾಗಿಸಿದ್ದನ್ನು ಮಾತು ಕೇಳಿದಂತೆ ಎನ್ನಲಾಗದು.

ಪಟ್ಟಿ ತಾಳೆ ನೋಡುವ ಈ ಭ್ರಮೆ ಎಲ್ಲಿಗೆ ಮುಟ್ಟಬಲ್ಲುದೆಂದು ತಿಳಿಯಲು ಆಸ್ಟ್ರೇಲಿಯದತ್ತ ನೋಡಬೇಕು. ಅಲ್ಲಿ ಜನ ‘ರೋಬೋಡೆಟ್’ ಎಂದು ಕರೆದ ಯೋಜನೆಯಲ್ಲಿ ಸರ್ಕಾರ, ಬಡವರ ವರ್ಷದ ಆದಾಯವನ್ನು ಹದಿನೈದು ದಿನಗಳ ಸರಾಸರಿಗೆ ಇಳಿಸಿ, ಆ ಸರಾಸರಿಯನ್ನೇ ನಿಜವೆಂದು ನಂಬಿ, ‘ನೀವು ಹೆಚ್ಚು ಪಡೆದಿದ್ದೀರಿ, ಕಟ್ಟಿ’ ಎಂದು ಲಕ್ಷಾಂತರ ಜನರಿಗೆ ಪತ್ರ ಕಳುಹಿಸಿತು. ನಾಲ್ಕು ತಿಂಗಳು ದುಡಿದು ಎಂಟು ತಿಂಗಳು ಕೆಲಸವಿಲ್ಲದೆ ಕುಳಿತವನ ಲೆಕ್ಕದಲ್ಲಿ ಸರಾಸರಿ ಎಂಥ ಸುಳ್ಳು ಹೇಳುತ್ತದೆ ಎಂಬುದನ್ನು ಕೂಲಿ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಸಾಲವಿಲ್ಲವೆಂದು ಸಾಬೀತುಮಾಡುವ ಹೊರೆಯನ್ನು ಜನರ ಮೇಲೆ ಹೊರಿಸಲಾಯಿತು. 2019ರ ನವೆಂಬರಿನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯದ ಮುಂದೆ ಒಬ್ಬ ಮಹಿಳೆಯ ಪ್ರಕರಣದಲ್ಲಿ ಸರ್ಕಾರ ತನ್ನ ಬೇಡಿಕೆಗೆ ಕಾನೂನಿನ ಆಧಾರವಿಲ್ಲವೆಂದು ಒಪ್ಪಿಕೊಂಡಿತು. ಕಟ್ಟಿಸಿಕೊಂಡ ಕೋಟ್ಯಂತರ ಡಾಲರುಗಳನ್ನು ಜನರಿಗೆ ಮರಳಿಸಬೇಕಾಯಿತು. 2023ರ ಜುಲೈಯಲ್ಲಿ ರಾಯಲ್ ಕಮಿಷನ್ ಇಡೀ ಯೋಜನೆಯನ್ನು ಖಂಡಿಸಿತು. ಅಷ್ಟರಲ್ಲಿ ಕೆಲವರು ಜೀವ ಕಳೆದುಕೊಂಡಿದ್ದರು. ನೆದರ್ಲೆಂಡ್ಸ್‌ನಲ್ಲಿ ಶಿಶುಪಾಲನಾ ಭತ್ಯೆ ಪಡೆದ ಸಾವಿರಾರು ತಂದೆತಾಯಿಯರನ್ನು, ಎಷ್ಟೋ ಬಾರಿ ಚಿಕ್ಕಪುಟ್ಟ ಕಾಗದಪತ್ರದ ಲೋಪಕ್ಕಾಗಿ, ವಂಚಕರೆಂದು ಕರೆದು ಇಡೀ ಮೊತ್ತ ಕಟ್ಟಿಸಿಕೊಂಡ ಸರ್ಕಾರ 2021ರ ಜನವರಿ 15ರಂದು ರಾಜೀನಾಮೆ ಕೊಡಬೇಕಾಯಿತು.

ಕರ್ನಾಟಕವೇನೂ ಇದರಿಂದ ಹೊರತಲ್ಲ. 2024ರ ನವೆಂಬರಿನಲ್ಲಿ ಬಿಪಿಎಲ್ ಪಡಿತರ ಚೀಟಿಗಳ ‘ಶುದ್ಧೀಕರಣ’ ನಡೆದಾಗ ಅರ್ಹ ಬಡವರ ಚೀಟಿಗಳೂ ರದ್ದಾದವು. ಕೂಗೆದ್ದ ಮೇಲೆ ಸರ್ಕಾರ ಹಿಂದೆ ಸರಿದು ಅವನ್ನು ಮರಳಿಸಿತು. ಕೇಂದ್ರದ ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಪಡೆದ ಅನರ್ಹರಿಂದ 300 ಕೋಟಿ ರೂಪಾಯಿಗೂ ಹೆಚ್ಚು ವಸೂಲಾಗಿದೆ. ಅಲ್ಲಿ ಆದಾಯ ತೆರಿಗೆ ಕಟ್ಟುವವರು ಅನರ್ಹರೆಂಬುದು ಆರಂಭದಿಂದಲೇ ಸ್ಪಷ್ಟವಿತ್ತು. ಹಾಗಿರುವಾಗ ಹಣ ಮರಳಿ ಕೇಳಿದರೆ ತಕರಾರಿಗೆ ಹೆಚ್ಚು ಜಾಗವಿಲ್ಲ. ಲಾಡ್ಕಿ ಬಹೀಣ್ ಯೋಜನೆಯ ನಿರಾಧಾರ ವಿಧವೆಯನ್ನು ಆ ಸಾಲಿನಲ್ಲಿ ನಿಲ್ಲಿಸುವುದು ಮಾತ್ರ ಸಲ್ಲದು.

ಸರ್ಕಾರಕ್ಕೆ ಪ್ರಾಮಾಣಿಕ ಉದ್ದೇಶವಿದ್ದರೆ ಮಾಡಬೇಕಾದುದು ಕಷ್ಟವಲ್ಲ. ಸಚಿವೆಯ ಮಾತನ್ನು ಲಿಖಿತ ಸರ್ಕಾರಿ ಆದೇಶವಾಗಿ ಹೊರಡಿಸಬೇಕು: ಸುಳ್ಳು ದಾಖಲೆ, ಅನ್ಯರ ಹೆಸರಿನ ಬಳಕೆ ಸಾಬೀತಾದ ಪ್ರಕರಣಗಳ ಹೊರತು 2024ರ ಜುಲೈಯಿಂದ ಸಂದಾಯವಾದ ಹಣವನ್ನು ಯಾರಿಂದಲೂ ಕೇಳುವುದಿಲ್ಲವೆಂದು ಅದರಲ್ಲಿರಬೇಕು. ಕೇಳುವ ಪ್ರಕರಣಗಳಲ್ಲಿಯೂ ಕಾರಣ ತೋರಿಸುವ ನೋಟಿಸು, ಖುದ್ದು ವಿಚಾರಣೆ, ಮೇಲ್ಮನವಿಯ ದಾರಿ ಇರಬೇಕು. ಮುಂದಿನ ತಿಂಗಳ ಹಣದಿಂದ ಹೇಳದೆ ಕಡಿದುಕೊಳ್ಳುವ ಪದ್ಧತಿ ಕೂಡದು. ಪರಿಶೀಲನೆ ಮಾಡದೆ ಮಂಜೂರು ಮಾಡಿದ ಅಧಿಕಾರಿಗಳ ಹೊಣೆಯೇನೆಂಬುದೂ ಅದೇ ಆದೇಶದಲ್ಲಿ ಬರಲಿ. ಇದುವರೆಗೆ ಚರ್ಚೆಯೆಲ್ಲ ಪಡೆದವರ ಸುತ್ತಲೇ ನಡೆದಿದೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೋಲಾಪುರದಂಥ ತಾಲ್ಲೂಕುಗಳಲ್ಲಿ ಮನೆಮಾತು ಕನ್ನಡವಾಗಿರುವ ಮಹಿಳೆಯರಿಗೆ ಆ ನೋಟಿಸು ಕನ್ನಡದಲ್ಲಿಯೂ ತಲುಪಬೇಕು. ಮತ ಕೇಳುವ ಕರಪತ್ರಗಳನ್ನು ಅವರ ಭಾಷೆಯಲ್ಲಿ ಅಚ್ಚು ಹಾಕಿಸಲು ಯಾವ ಪಕ್ಷಕ್ಕೂ ಅಡ್ಡಿಯಾಗುವುದಿಲ್ಲ.